ಮಾಸ್ಟರ್ ಸಿಲಿಂಡರ್: ಕಿಟ್ ಸಾಕೇ, ಹೊಸದೇ ಬೇಕೇ, ಸ್ಲೀವ್ ಹಾಕಿಸಬಹುದೇ?

ಬ್ರೇಕಿನ ಪೆಡಲನ್ನು ಒತ್ತಿ ಹಿಡಿದಾಗ ಅದು ಕಾಲಿನಡಿಯಲ್ಲಿ ಮೆಲ್ಲಗೆ ಜಾರುತ್ತ ತಳಕ್ಕೆ ಇಳಿದರೆ, ಕಾಸರಗೋಡಿನ ಯಾವ ಗ್ಯಾರೇಜಿಗೆ ಹೋದರೂ ಕೇಳಿಬರುವ ಮಾತು ಒಂದೇ: “ಮಾಸ್ಟರ್ ಹೋಗಿದೆ.” ಅಂದರೆ ಪೆಡಲಿನ ಒತ್ತನ್ನು ಆಯಿಲಿನ ಒತ್ತಡವಾಗಿಸಿ ಚಕ್ರಗಳಿಗೆ ಕಳುಹಿಸುವ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ. ಅದರ ಬೆನ್ನಿಗೇ ಪ್ರಶ್ನೆಯೂ ಬರುತ್ತದೆ, ಒಳಗಿನ ರಬ್ಬರ್ ಮುಂತಾದ ಬಿಡಿಭಾಗಗಳ ಕಿಟ್ ಹಾಕುವುದೋ, ಪೂರ್ತಿ ಹೊಸದನ್ನೇ ಹಾಕುವುದೋ ಎಂದು. ಹೆಚ್ಚಿನವರು ಅಲ್ಲಿಯೇ ನಿಂತು, ಎರಡರ ಬೆಲೆ ಕೇಳಿ, ಕಡಿಮೆಯದನ್ನು ಒಪ್ಪಿಕೊಳ್ಳುತ್ತಾರೆ. ನಾನೂ ಒಮ್ಮೆ ಹಾಗೆಯೇ ಒಪ್ಪಿಕೊಂಡವನು. ಮುಳ್ಳೇರಿಯದ ಸಮೀಪ ಅಡಿಕೆ ತೋಟವಿರುವ ನನ್ನಲ್ಲಿ ಗೊಬ್ಬರ, ಸೊಪ್ಪು ಹೊರಲು ವಿಲ್ಲಿಸ್ ಮಾದರಿಯ ಹಳೆಯ ಜೀಪೊಂದು, ಪೇಟೆಗೆ ಹೋಗಿಬರಲು ಸಣ್ಣ ಕಾರೊಂದು ಇವೆ. ಈ ಎರಡು ವಾಹನಗಳಲ್ಲಿ ಒಂದೇ ದೋಷಕ್ಕೆ ಎರಡು ಬೇರೆ ಬೇರೆ ಉತ್ತರಗಳು ಸರಿಯಾದದ್ದನ್ನು ಕಂಡ ಮೇಲೆ ನನಗೆ ಖಚಿತವಾದದ್ದು ಏನೆಂದರೆ, ಇಲ್ಲಿ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಬೆಲೆಯಲ್ಲ, ಸಿಲಿಂಡರಿನ ಒಳಗೋಡೆ, ಅಂದರೆ ಬೋರ್. ಅದನ್ನು ಬಿಚ್ಚಿ, ತೊಳೆದು, ಬೆಳಕಿಗೆ ಹಿಡಿದು ನೋಡುವ ಮೊದಲು ಯಾವ ಬಿಡಿಭಾಗವನ್ನೂ ಕೊಳ್ಳಬಾರದು.

ಅದಕ್ಕೂ ಮೊದಲು ದೋಷ ನಿಜವಾಗಿಯೂ ಮಾಸ್ಟರ್ ಸಿಲಿಂಡರಿನಲ್ಲಿಯೇ ಇದೆಯೇ ಎಂದು ತಿಳಿಯಬೇಕು. ಪೆಡಲ್ ಮೊದಲ ಸಲ ಒತ್ತಿದಾಗ ಆಳಕ್ಕೆ ಹೋಗಿ, ಎರಡನೆಯ ಸಲ ಒತ್ತಿದಾಗ ಮೇಲೆಯೇ ನಿಲ್ಲುತ್ತದೆಯಾದರೆ, ಸಾಮಾನ್ಯವಾಗಿ ಹಿಂದಿನ ಡ್ರಮ್ಮಿನ ಬ್ರೇಕ್ ಶೂಗಳ ಅಂತರ ಹೆಚ್ಚಾಗಿರುತ್ತದೆ, ಹೊಂದಿಸಿದರೆ ಸರಿಯಾಗುತ್ತದೆ. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದು, ನಾಲ್ಕಾರು ಸಲ ಪಂಪ್ ಮಾಡಿದಾಗ ಗಟ್ಟಿಯಾಗುತ್ತದೆಯಾದರೆ ಪೈಪಿನಲ್ಲಿ ಗಾಳಿ ಸೇರಿರುವ ಸಾಧ್ಯತೆಯೇ ಹೆಚ್ಚು. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದು ವಾಹನ ನಿಲ್ಲದಿದ್ದರೆ, ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರನ್ನೂ ಅದರ ವ್ಯಾಕ್ಯೂಮ್ ಪೈಪನ್ನೂ ನೋಡಬೇಕು. ಸಿಲಿಂಡರಿಗೆ ಆಯಿಲ್ ಒದಗಿಸುವ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಇಳಿಯುತ್ತಿದ್ದರೆ ನಾಲ್ಕೂ ಚಕ್ರಗಳ ಒಳಬದಿಯಲ್ಲಿ ಕೈಯಾಡಿಸಿ ಒದ್ದೆಯಿದೆಯೇ ಎಂದು ನೋಡಿ. ಎಲ್ಲಿಯೂ ಒದ್ದೆಯಿಲ್ಲದೆ ಆಯಿಲ್ ಮಾತ್ರ ಕಡಿಮೆಯಾಗುತ್ತಿದ್ದರೆ ಮಾಸ್ಟರ್ ಸಿಲಿಂಡರನ್ನು ಬೂಸ್ಟರಿಗೆ ಹಿಡಿದಿರುವ ನಟ್ಟುಗಳನ್ನು ಸಡಿಲಿಸಿ, ಪೈಪುಗಳು ಬಾಗದಷ್ಟು ಮಾತ್ರ ಮುಂದಕ್ಕೆ ಎಳೆದು, ಹಿಂದಿನ ಮುಖವನ್ನು ನೋಡಿ. ಅಲ್ಲಿ ಆಯಿಲ್ ಜಿನುಗಿದ್ದರೆ ಹಿಂದಿನ ಸೀಲ್ ಸೋತಿದೆ ಎಂದರ್ಥ. ಆ ಆಯಿಲ್ ಬೂಸ್ಟರಿನೊಳಗೆ ಸೇರಿ ಅದರ ರಬ್ಬರಿನ ಡಯಾಫ್ರಾಮನ್ನೂ ಕೆಡಿಸಬಲ್ಲದು.

ಮಾಸ್ಟರ್ ಸಿಲಿಂಡರಿನ ಒಳಸೋರಿಕೆಯ ಗುರುತು ಬೇರೆಯೇ. ಡಬ್ಬಿಯ ಮಟ್ಟ ಇಳಿಯುವುದಿಲ್ಲ, ಹೊರಗೆಲ್ಲೂ ಹನಿ ಕಾಣುವುದಿಲ್ಲ, ಆದರೂ ಪೆಡಲ್ ಇಳಿಯುತ್ತದೆ. ಎಂಜಿನ್ ಚಾಲೂ ಇಟ್ಟು, ಸಮತಟ್ಟಾದ ನೆಲದಲ್ಲಿ, ಪೆಡಲನ್ನು ಅರ್ಧ ನಿಮಿಷ ಒಂದೇ ಬಲದಲ್ಲಿ ಹಿಡಿದು ನೋಡಿ. ಈ ಪರೀಕ್ಷೆಯನ್ನು ಜೋರಾಗಿ ಒತ್ತಿ ಒಮ್ಮೆ, ಹಗುರವಾಗಿ ಒತ್ತಿ ಇನ್ನೊಮ್ಮೆ ಮಾಡಲೇಬೇಕು. ಸಿಲಿಂಡರಿನೊಳಗೆ ಆಯಿಲನ್ನು ಒತ್ತುವ ರಬ್ಬರ್ ಕಪ್ ಸವೆದಿದ್ದರೆ, ಅದರ ತುಟಿ ಜೋರಾದ ಒತ್ತಡದಲ್ಲಿ ಅಗಲಿ ಗೋಡೆಗೆ ಅಂಟಿಕೊಂಡು ಸೋರಿಕೆಯನ್ನು ತಡೆಯುತ್ತದೆ. ಹಗುರ ಒತ್ತಡದಲ್ಲಿ ಅಗಲಲಾರದೆ ಆಯಿಲನ್ನು ಹಿಂದಕ್ಕೆ ಬಿಡುತ್ತದೆ. ಗ್ಯಾರೇಜಿನಲ್ಲಿ ಗಟ್ಟಿಯಾಗಿ ಒತ್ತಿ “ಸರಿಯಿದೆ” ಎಂದು ಕಳುಹಿಸಿದ ಗಾಡಿ, ಚೆರ್ಕಳದ ಜಂಕ್ಷನ್ನಿನಲ್ಲಿ ಸಾಲಿನಲ್ಲಿ ನಿಂತು ಮೆಲ್ಲಗೆ ಒತ್ತಿದ್ದಾಗ ಮುಂದಕ್ಕೆ ತೆವಳುವುದು ಇದೇ ಕಾರಣಕ್ಕೆ.

ಒಳಗಿನ ರಚನೆಯನ್ನು ಇಷ್ಟು ತಿಳಿದರೆ ಸಾಕು. ಪೆಡಲಿನ ರಾಡ್ ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ನಿನ ಮುಂದಿರುವ ರಬ್ಬರ್ ಕಪ್ ಆಯಿಲನ್ನು ಪೈಪುಗಳಿಗೆ ಒತ್ತುತ್ತದೆ. ಪೆಡಲ್ ಬಿಟ್ಟಾಗ, ಕಪ್ಪಿನ ತುಟಿಯ ತುಸು ಮುಂದಿರುವ ಒಂದು ಮಿಲಿಮೀಟರಿಗಿಂತಲೂ ಕಿರಿದಾದ ರಂಧ್ರ ತೆರೆದುಕೊಂಡು, ಬಿಸಿಗೆ ಹಿಗ್ಗಿದ ಆಯಿಲ್ ಡಬ್ಬಿಗೆ ಮರಳಲು ದಾರಿಯಾಗುತ್ತದೆ. ಹಳೆಯ ಜೀಪುಗಳಲ್ಲಿ ಒಂದೇ ಪಿಸ್ಟನ್. ಅದು ಹೋದರೆ ನಾಲ್ಕೂ ಚಕ್ರಗಳ ಬ್ರೇಕ್ ಹೋದಂತೆ. ಈಗಿನ ಕಾರುಗಳಲ್ಲಿ ಒಂದರ ಹಿಂದೆ ಒಂದು ಎರಡು ಪಿಸ್ಟನ್‌ಗಳಿದ್ದು, ಒಂದು ದಾರಿ ಸೋತರೂ ಇನ್ನೊಂದರಲ್ಲಿ ಸ್ವಲ್ಪ ಬ್ರೇಕ್ ಉಳಿಯುತ್ತದೆ.

ಈಗ ಬೋರಿನ ವಿಚಾರಕ್ಕೆ ಬರೋಣ. ಸಿಲಿಂಡರನ್ನು ಬಿಚ್ಚಿ, ಪಿಸ್ಟನ್ನನ್ನು ಒಳಗೆ ತಡೆದಿರುವ ಉಂಗುರವಾದ ಸರ್ಕ್ಲಿಪ್ ತೆಗೆದು, ಪಿಸ್ಟನ್, ಕಪ್, ಸ್ಪ್ರಿಂಗುಗಳನ್ನು ಬಂದ ಕ್ರಮದಲ್ಲಿಯೇ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡಿ. ಒಳಭಾಗವನ್ನು ಹೊಸ ಬ್ರೇಕ್ ಆಯಿಲಿನಿಂದ ಅಥವಾ ಸ್ಪಿರಿಟ್ಟಿನಿಂದ ತೊಳೆಯಿರಿ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆಗಳನ್ನು ಹತ್ತಿರಕ್ಕೂ ತರಬೇಡಿ; ಬ್ರೇಕಿನ ರಬ್ಬರ್ ಅವುಗಳ ಸೋಂಕಿನಿಂದ ಊದಿಕೊಳ್ಳುತ್ತದೆ, ಊದಿದ ಕಪ್ ರಂಧ್ರವನ್ನು ಮುಚ್ಚಿ ಬ್ರೇಕನ್ನು ಹಿಡಿದೇ ಇರಿಸುತ್ತದೆ. ತೊಳೆದ ಮೇಲೆ ಒಂದು ಬದಿಯಿಂದ ಟಾರ್ಚು ಹಿಡಿದು ಒಳಗೆ ನೋಡಿದರೆ ಸಾಮಾನ್ಯವಾಗಿ ಎರಡು ಬಗೆಯ ಮೇಲ್ಮೈ ಕಾಣುತ್ತದೆ. ದಿನನಿತ್ಯ ಕಪ್ ಓಡಾಡುವ ಭಾಗ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಅದರಾಚೆ, ಪೆಡಲ್ ಎಂದೂ ತಲುಪದ ಆಳದಲ್ಲಿ, ಮಂಕಾದ, ಕೆಲವೊಮ್ಮೆ ತುಕ್ಕು ಮತ್ತು ಕಪ್ಪು ಗಸಿ ಕಟ್ಟಿದ ಪಟ್ಟಿಯಿರುತ್ತದೆ. ಗುಳಿಗಳು ಹೆಚ್ಚಾಗಿ ಬೋರಿನ ತಳಭಾಗದಲ್ಲಿರುವುದರಿಂದ ಸಿಲಿಂಡರನ್ನು ತಿರುಗಿಸಿ ತಿರುಗಿಸಿ ನೋಡಬೇಕು. ಕಣ್ಣಿಗೆ ಕಂಡ ಗೆರೆಯೆಲ್ಲ ಕೆಟ್ಟದ್ದಲ್ಲ. ಮರದ ಕಡ್ಡಿಯೊಂದರ ತುದಿಯನ್ನು ಚೂಪು ಮಾಡಿ ಗೋಡೆಯ ಮೇಲೆ ಹಗುರವಾಗಿ ಎಳೆಯಿರಿ. ಬಾಯಿಯ ಹತ್ತಿರವಾದರೆ ಉಗುರೇ ಸಾಕು. ಜಾರಿ ಹೋದರೆ ಅದು ಬರಿಯ ಕಲೆ. ಸಿಕ್ಕಿಕೊಂಡರೆ ಗುಳಿ ಅಥವಾ ಗೀರು. ಕಪ್ ಓಡಾಡುವ ಜಾಗದಲ್ಲಿ ಇಂಥದ್ದು ಒಂದೇ ಒಂದು ಸಿಕ್ಕಿದರೂ ಕಿಟ್‌ನ ಮಾತು ಅಲ್ಲಿಗೆ ಮುಗಿಯಿತು.

ಮುಂದಿನ ಪ್ರಶ್ನೆ, ಸಿಲಿಂಡರಿನ ಮೈ ಯಾವ ಲೋಹದ್ದು ಎಂಬುದು. ಹಳೆಯ ಜೀಪುಗಳದ್ದು ಎರಕದ ಕಬ್ಬಿಣ. ಈಗಿನ ಕಾರುಗಳಲ್ಲಿ ಹೆಚ್ಚಿನವು ಅಲ್ಯೂಮಿನಿಯಮ್. ಎರಕದ ಕಬ್ಬಿಣದ ಬೋರಿನಲ್ಲಿ ಮೇಲುಮೇಲಿನ ತುಕ್ಕಿನ ಕಲೆಯನ್ನು ಬೋರಿನೊಳಗೆ ತಿರುಗಿಸಿ ಉಜ್ಜುವ ನುಣುಪಾದ ಹೋನ್ ಕಲ್ಲಿನಿಂದ, ಬ್ರೇಕ್ ಆಯಿಲ್ ಹಾಕುತ್ತ, ಕೆಲವೇ ಸುತ್ತುಗಳಲ್ಲಿ ತೆಗೆಯಬಹುದು. ಆದರೆ ಹೋನ್ ಮಾಡಿದಷ್ಟೂ ಬೋರ್ ಅಗಲವಾಗುತ್ತದೆ, ಮತ್ತು ಹೊಸ ಕಪ್ ಮೂಲ ಅಳತೆಯದ್ದೇ ಆಗಿರುತ್ತದೆ ಎಂಬುದನ್ನು ಮರೆಯಬಾರದು; ಆಳದ ಗುಳಿಯನ್ನು ಕಳೆಯಲೆಂದು ಹೋನ್ ಮಾಡುತ್ತಲೇ ಹೋದರೆ ಗುಳಿ ಹೋಗುವ ಹೊತ್ತಿಗೆ ಬೋರೂ ಹೋಗಿರುತ್ತದೆ. ಅಲ್ಯೂಮಿನಿಯಮ್ ಸಿಲಿಂಡರಿಗೆ ಹೋನನ್ನೇ ಮುಟ್ಟಿಸಬಾರದು. ಅದರ ಒಳಗೋಡೆಗೆ ಆನೊಡೈಸ್ ಮಾಡಿದ, ಕೂದಲಿಗಿಂತಲೂ ತೆಳುವಾದ ಗಟ್ಟಿ ಪದರವಿರುತ್ತದೆ. ಆ ಪದರವೇ ಮೃದುವಾದ ಲೋಹವನ್ನು ಸವೆತದಿಂದ ಕಾಯುವುದು. ಎಮರಿ ಕಾಗದದಿಂದ ಎರಡು ಸಲ ಉಜ್ಜಿದರೆ ಪದರ ಹೋಗುತ್ತದೆ, ನೋಡಲು ಮಾತ್ರ ಹೊಸದರಂತೆ ಹೊಳೆಯುತ್ತದೆ. ಆ ಹೊಳಪನ್ನು ನಂಬಿ ಮೋಸಹೋದವರನ್ನು ನಾನು ನೋಡಿದ್ದೇನೆ.

ನನ್ನ ಜೀಪಿನ ಕತೆಯನ್ನು ಇಲ್ಲಿಯೇ ಹೇಳುವುದು ಒಳ್ಳೆಯದು. ಆ ಜೀಪಿನ ಮಾಸ್ಟರ್ ಸಿಲಿಂಡರ್ ಬಾನೆಟ್ಟಿನಡಿಯಲ್ಲಲ್ಲ, ಚಾಲಕನ ಕಾಲಡಿಯ ಹಲಗೆಯ ಕೆಳಗೆ ಚಾಸಿಗೆ ಕೂತಿರುತ್ತದೆ. ತೋಡು ದಾಟಿದರೆ ನೀರು, ತೋಟದ ದಾರಿಯಲ್ಲಿ ಕೆಸರು ಎಲ್ಲವೂ ಅದಕ್ಕೇ. ಒಂದು ವರ್ಷ ಜೂನಿನಿಂದ ಸೆಪ್ಟೆಂಬರಿನವರೆಗೆ ಜೀಪನ್ನು ಕೊಟ್ಟಿಗೆಯ ಮಾಡಿನಡಿ ನಿಲ್ಲಿಸಿಯೇ ಇಟ್ಟಿದ್ದೆ. ಹೊರತೆಗೆದಾಗ ಪೆಡಲ್ ಇಳಿಯುತ್ತಿತ್ತು. ಗ್ಯಾರೇಜೊಂದರಲ್ಲಿ ಅರ್ಧ ದಿನದಲ್ಲಿ ಕಿಟ್ ಹಾಕಿ, ಬೋರನ್ನು ಎಮರಿ ಕಾಗದದಿಂದ ಉಜ್ಜಿ ಕೊಟ್ಟರು. ಪೆಡಲ್ ಮೇಲೆ ನಿಂತಿತು, ನನಗೂ ಸಮಾಧಾನವಾಯಿತು. ಎರಡು ತಿಂಗಳೂ ತುಂಬಲಿಲ್ಲ, ಗೊಬ್ಬರ ಹೇರಿಕೊಂಡು ತೋಟದ ಇಳಿಜಾರಿನಲ್ಲಿ ಬರುವಾಗ ಪೆಡಲ್ ತಳಕ್ಕೆ ಹೋಯಿತು. ಗೇರ್ ಮೊದಲನೆಯದರಲ್ಲಿಯೇ ಇದ್ದುದರಿಂದ ವೇಗವಿರಲಿಲ್ಲ. ಎಡಗಡೆಯ ಮಣ್ಣಿನ ಧರೆಗೆ ಒರಗಿಸಿ ನಿಲ್ಲಿಸಿದೆ. ಬಿಚ್ಚಿ ನೋಡಿದರೆ ಹೊಸ ಕಪ್ಪಿನ ತುಟಿಯಲ್ಲಿ ಬ್ಲೇಡಿನಿಂದ ಗೀರಿದಂತೆ ಮೂರು ಗೆರೆಗಳು. ಬೋರಿನ ತಳದಲ್ಲಿ ಅರ್ಧ ಸಾಸಿವೆಯಷ್ಟು ಗಾತ್ರದ ಗುಳಿಗಳ ಗುಂಪು. ಎಮರಿ ಕಾಗದ ಗುಳಿಯ ಸುತ್ತಲಿನ ತುಕ್ಕನ್ನು ಒರೆಸಿತ್ತು, ಗುಳಿಯ ಅಂಚನ್ನು ಹಾಗೆಯೇ ಹರಿತವಾಗಿ ಬಿಟ್ಟಿತ್ತು. ಕಿಟ್‌ನ ಹಣ, ಕೂಲಿ, ಆಯಿಲ್ ಎಲ್ಲವೂ ಎರಡು ಸಲ ಖರ್ಚಾದವು. ಅದಕ್ಕಿಂತ ಹೆಚ್ಚಾಗಿ, ಅಂದು ಹಿಂದೆ ಗೊಬ್ಬರದ ಮೇಲೆ ಇಬ್ಬರು ಕೆಲಸದವರು ಕೂತಿದ್ದರು.

ಆದ್ದರಿಂದ ಕಿಟ್ ಯಾವಾಗ ಸರಿ ಎಂಬುದಕ್ಕೆ ನನ್ನ ಉತ್ತರ ಹೀಗಿದೆ: ಬೋರ್ ನುಣುಪಾಗಿದ್ದು, ಕಪ್ಪಿನ ತುಟಿ ಮಾತ್ರ ಗಟ್ಟಿಯಾಗಿಯೋ ಸವೆದೋ ಹೋಗಿದ್ದರೆ. ದಿನವೂ ಓಡುವ, ಆಯಿಲನ್ನು ಕಾಲಕಾಲಕ್ಕೆ ಬದಲಿಸಿದ ವಾಹನದಲ್ಲಿ ಇಂಥ ಬೋರ್ ಸಿಗುವುದು ಅಪರೂಪವೇನಲ್ಲ. ಆಗ ಕಿಟ್ ಎಂಬುದು ಕಡಿಮೆ ದುಡ್ಡಿನ ದಾರಿ ಮಾತ್ರವಲ್ಲ, ಒಳ್ಳೆಯ ದಾರಿಯೂ ಹೌದು. ಮೂಲದ ಕಂಪನಿ ಸಿಲಿಂಡರ್ ಉಳಿಯುತ್ತದೆ, ಅದರ ಅಳತೆಗಳ ಬಗ್ಗೆ ಸಂಶಯವಿರುವುದಿಲ್ಲ. ಕಪ್ಪುಗಳಷ್ಟೇ ಇರುವ ಸಣ್ಣ ಕಿಟ್ಟಿಗಿಂತ ಪಿಸ್ಟನ್, ಸ್ಪ್ರಿಂಗ್, ಸರ್ಕ್ಲಿಪ್ ಎಲ್ಲವೂ ಇರುವ ದೊಡ್ಡ ಕಿಟ್ ಸಿಕ್ಕಿದರೆ ಅದನ್ನೇ ಕೊಳ್ಳಿ. ಜೋಡಿಸುವಾಗ ಹಳೆಯ ಕಪ್ಪಿನ ಪಕ್ಕ ಹೊಸದನ್ನಿಟ್ಟು ಅಗಲ, ಎತ್ತರ, ತುಟಿಯ ದಿಕ್ಕು ಒಂದೇ ಇದೆಯೇ ನೋಡಿ. ಎಲ್ಲವನ್ನೂ ಹೊಸ ಬ್ರೇಕ್ ಆಯಿಲಿನಲ್ಲಿ ಅದ್ದಿ, ಬೆರಳಿನಿಂದಲೇ ಒಳಗಿಡಿ, ಸ್ಕ್ರೂಡ್ರೈವರಿನ ತುದಿಯಿಂದ ತುರುಕಬೇಡಿ. ಸಣ್ಣ ರಂಧ್ರವನ್ನು ವಯರಿನ ಒಂದು ತಾಮ್ರದ ಎಳೆಯಿಂದ ತೆರೆಯಿರಿ; ಉಕ್ಕಿನ ಸೂಜಿ ರಂಧ್ರದ ಒಳಬಾಯಿಯಲ್ಲಿ ಚೂಪು ಅಂಚನ್ನು ಎಬ್ಬಿಸುತ್ತದೆ. ಹಳೆಯ ಡ್ರಮ್ ಬ್ರೇಕಿನ ಜೀಪುಗಳಲ್ಲಿ ಸ್ಪ್ರಿಂಗಿನ ತುದಿಗೆ ಚೆಕ್ ವಾಲ್ವ್ ಒಂದಿರುತ್ತದೆ. ಪೈಪಿನಲ್ಲಿ ಸ್ವಲ್ಪ ಒತ್ತಡವನ್ನು ಉಳಿಸಿಕೊಳ್ಳುವ ಆ ಬಿಲ್ಲೆಯನ್ನು ಹಳೆಯ ಕಸದೊಂದಿಗೆ ಎಸೆದುಬಿಟ್ಟರೆ, ಎಷ್ಟು ಏರ್ ತೆಗೆದರೂ ಪ್ರತಿ ಸಲವೂ ಎರಡೆರಡು ಬಾರಿ ಪಂಪ್ ಮಾಡಬೇಕಾದೀತು.

ಬೋರ್ ಕೆಟ್ಟಿದ್ದು ನಿಮ್ಮ ವಾಹನದ ಹೊಸ ಸಿಲಿಂಡರ್ ಅಂಗಡಿಯಲ್ಲಿ ಸಿಗುವಂತಿದ್ದರೆ, ಬೇರೆ ಯೋಚನೆಯೇ ಬೇಡ, ಹೊಸದನ್ನೇ ಹಾಕಿಸಿ. ಅಲ್ಯೂಮಿನಿಯಮ್ ಸಿಲಿಂಡರಿರುವ ಸಣ್ಣ ಕಾರುಗಳಿಗಂತೂ ಹೆಚ್ಚಿನ ಸಂದರ್ಭಗಳಲ್ಲಿ ಇದೇ ಸರಿಯಾದ ಉತ್ತರ. ನನ್ನ ಕಾರಿಗೂ ಹಾಗೆಯೇ ಮಾಡಿದೆ. ಕಾಸರಗೋಡು ಪೇಟೆಯಲ್ಲಿ ಇಲ್ಲದಿದ್ದರೆ ಸುಮಾರು 50 ಕಿಲೋಮೀಟರ್ ದೂರದ ಮಂಗಳೂರಿನಿಂದ ತರಿಸಬಹುದು. ಗಾಡಿಯನ್ನು ಮಾಡಿದ ಕಂಪನಿಯ ಮಾಲು ದುಬಾರಿಯೆನಿಸಿದರೆ, ಕಾರು ಕಂಪನಿಗಳಿಗೇ ಬ್ರೇಕಿನ ಭಾಗಗಳನ್ನು ಪೂರೈಸುವ ತಯಾರಕರ ಮಾಲನ್ನು ಕೇಳಿ. ಚೆನ್ನೈಯ ಪಾಡಿಯಲ್ಲಿ 1962ರಲ್ಲಿ ಆರಂಭವಾದ ಬ್ರೇಕ್ಸ್ ಇಂಡಿಯಾದ ಮಾಲು ಟಿವಿಎಸ್ ಗರ್ಲಿಂಗ್ ಎಂಬ ಹೆಸರಿನಲ್ಲಿ ಅಂಗಡಿಗಳಿಗೆ ಪರಿಚಿತ, ಬಾಷ್‌ನದ್ದೂ ಸಿಗುತ್ತದೆ. ಹೆಸರನ್ನು ಮಾತ್ರ ನೋಡದೆ ಪೊಟ್ಟಣದ ಭಾಗಸಂಖ್ಯೆ ಮತ್ತು ಬೆಲೆಯ ಚೀಟಿಯನ್ನೂ ನೋಡಿ, ಬಿಲ್ ಕೇಳಿ ಪಡೆಯಿರಿ, ಏಕೆಂದರೆ ಪರಿಚಿತ ಹೆಸರುಗಳಿಗೇ ನಕಲಿ ಹೆಚ್ಚು.

ಹೊಸದನ್ನು ಕೊಳ್ಳುವಾಗ ಬರುವ ದೊಡ್ಡ ಪ್ರಲೋಭನೆಯೆಂದರೆ, “ಇದು ದೊಡ್ಡ ಗಾಡಿಯದ್ದು, ಇನ್ನೂ ಒಳ್ಳೆ ಬ್ರೇಕ್ ಸಿಗುತ್ತದೆ” ಎಂಬ ಸಲಹೆ. ಅದು ತಪ್ಪು, ಮತ್ತು ಏಕೆ ತಪ್ಪು ಎಂಬುದನ್ನು ಲೆಕ್ಕ ಮಾಡಿಯೇ ನೋಡಬಹುದು. ಬೂಸ್ಟರ್ ಇಲ್ಲದ ಗಾಡಿಯಲ್ಲಿ ಕಾಲಿನ 30 ಕಿಲೋ ಬಲವನ್ನು ಪೆಡಲಿನ ಸನ್ನೆ 5 ಪಟ್ಟು ಮಾಡಿದರೆ ರಾಡಿನಲ್ಲಿ 150 ಕಿಲೋ ಬಲ ಬರುತ್ತದೆ. ಬೋರ್ ಮುಕ್ಕಾಲು ಇಂಚಿನದ್ದಾದರೆ, ಅಂದರೆ 19.05 ಮಿ.ಮೀ. ಆದರೆ, ಅದರ ವಿಸ್ತೀರ್ಣ 2.85 ಚದರ ಸೆಂಟಿಮೀಟರ್. ಆಯಿಲಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 53 ಕಿಲೋ. ಅದೇ ಜಾಗಕ್ಕೆ 22.22 ಮಿ.ಮೀ. ಬೋರಿನದ್ದನ್ನು ಕೂರಿಸಿದರೆ ವಿಸ್ತೀರ್ಣ 3.88ಕ್ಕೆ ಏರಿ, ಒತ್ತಡ 39 ಕಿಲೋಗಿಂತ ಕೆಳಗಿಳಿಯುತ್ತದೆ. ಪೆಡಲ್ ಮೇಲೆಯೇ ಗಟ್ಟಿಯಾಗಿ ನಿಂತು ಒಳ್ಳೆಯ ಬ್ರೇಕಿನಂತೆ ಭಾಸವಾಗುತ್ತದೆ, ಆದರೆ ಮೊದಲಿನಷ್ಟೇ ಬೇಗ ನಿಲ್ಲಿಸಲು ಕಾಲಿನಿಂದ ಮೊದಲಿಗಿಂತ ಮೂರನೆಯ ಒಂದು ಭಾಗಕ್ಕೂ ಮೀರಿ ಹೆಚ್ಚಿನ ಬಲವನ್ನು ಕೊಡಬೇಕಾಗುತ್ತದೆ. ಚಿಕ್ಕ ಬೋರ್ ಹಾಕಿದರೆ ಇದರ ತಿರುವುಮುರುವು: ಒತ್ತಡ ಏರುತ್ತದೆ, ಆದರೆ ಪೆಡಲ್ ಆಳಕ್ಕೆ ಹೋಗಬೇಕಾಗಿ ಕೆಲವೊಮ್ಮೆ ಸಾಲದೇ ಬರುತ್ತದೆ. ಸಿಲಿಂಡರಿನ ಮೈಮೇಲೆ ಅಚ್ಚೊತ್ತಿರುವ ಅಳತೆ, ಪೈಪುಗಳ ಸಂಖ್ಯೆ ಮತ್ತು ತಿರುಪಿನ ಮರೆ, ಬೂಸ್ಟರಿನ ಬೋಲ್ಟುಗಳ ನಡುವಿನ ಅಂತರ ಇವೆಲ್ಲ ಹಳೆಯದಕ್ಕೆ ಸರಿಹೊಂದಬೇಕು. ಕೂರಿಸುವ ಮೊದಲು ಬೂಸ್ಟರಿನ ರಾಡ್ ಪಿಸ್ಟನ್ನನ್ನು ಈಗಾಗಲೇ ಒತ್ತಿ ಹಿಡಿಯುತ್ತಿಲ್ಲವೆಂದು ಅಳೆದು ನೋಡಬೇಕು. ರಾಡ್ ಕೂದಲೆಳೆಯಷ್ಟು ಉದ್ದವಾದರೂ ಸಣ್ಣ ರಂಧ್ರ ಮುಚ್ಚಿಯೇ ಇದ್ದು, ನಾಲ್ಕೈದು ಕಿಲೋಮೀಟರ್ ಓಡುವಷ್ಟರಲ್ಲಿ ಚಕ್ರಗಳು ಕಾಯತೊಡಗುತ್ತವೆ.

ಸ್ಲೀವ್ ಹಾಕಿಸುವುದು ಹೊಸದೂ ಸಿಗದ, ಬೋರೂ ಉಳಿಯದ ಹಳೆಯ ವಾಹನಗಳಿಗೆ ಇರುವ ದಾರಿ. ಬೋರನ್ನು ಅಗಲಿಸಿ, ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯ ಕೊಳವೆಯೊಂದನ್ನು ಬಿಗಿಯಾಗಿ ಕೂರಿಸಿ, ಮೂಲದ ಅಳತೆಗೆ ಮರಳಿ ಕೊರೆದು ಹೋನ್ ಮಾಡುತ್ತಾರೆ. ಚೆನ್ನಾಗಿ ಮಾಡಿದರೆ ಇದು ಮೂಲದ ಎರಕದ ಕಬ್ಬಿಣಕ್ಕಿಂತಲೂ ಹೆಚ್ಚು ಬಾಳುತ್ತದೆ, ತುಕ್ಕಿನ ಭಯ ತಪ್ಪುತ್ತದೆ. ನಮ್ಮ ಕರಾವಳಿಯ ಹವೆಗೆ ಇದಕ್ಕಿಂತ ತಕ್ಕದ್ದಿಲ್ಲ. ಕಷ್ಟವಿರುವುದು ಮಾಡುವ ಕೈಯಲ್ಲಿ. ಎಲ್ಲ ಲೇತ್ ಅಂಗಡಿಯವರಿಗೂ ಇದು ಬರುವುದಿಲ್ಲ. ಬೋರಿಂಗ್ ಚೆನ್ನಾಗಿ ಮಾಡಿದವರೂ ಆ ಸಣ್ಣ ರಂಧ್ರವನ್ನು ಸ್ಲೀವಿನ ಮೂಲಕ ಸರಿಯಾದ ಜಾಗದಲ್ಲಿ ಮರಳಿ ಕೊರೆಯುವಲ್ಲಿ ತಪ್ಪುವುದುಂಟು. ರಂಧ್ರದ ಜಾಗ ಒಂದು ಮಿಲಿಮೀಟರ್ ಹಿಂದೆ ಮುಂದೆ ಆದರೂ ಬ್ರೇಕ್ ಹಿಡಿದುಕೊಳ್ಳುತ್ತದೆ ಇಲ್ಲವೇ ಪೆಡಲಿನ ಓಟ ವ್ಯರ್ಥವಾಗುತ್ತದೆ. ಕೊರೆದ ಮೇಲೆ ಒಳಬದಿಯ ಚೂಪನ್ನು ತೆಗೆಯದಿದ್ದರೆ ಪ್ರತಿ ಒತ್ತಿಗೂ ಕಪ್ಪಿನ ತುಟಿ ಸೀಳುತ್ತದೆ. ಹಿಂದೆ ಬ್ರೇಕ್ ಸಿಲಿಂಡರುಗಳಿಗೆ ಸ್ಲೀವ್ ಹಾಕಿದ ಅನುಭವವಿದೆಯೇ ಎಂದು ನೇರವಾಗಿ ಕೇಳಿ, ಮಾಡಿದ ಒಂದನ್ನು ತೋರಿಸಲು ಹೇಳಿ. ನನ್ನ ಜೀಪಿಗೆ ಕೊನೆಗೆ ನಾನು ಸ್ಟೀಲಿನ ಸ್ಲೀವನ್ನೇ ಹಾಕಿಸಿದೆ.

ಗುಜರಿಯ ಮಾಸ್ಟರ್ ಸಿಲಿಂಡರನ್ನು ಹಾಗೆಯೇ ತಂದು ಕೂರಿಸುವುದನ್ನು ನಾನು ಆಯ್ಕೆಯೆಂದೇ ಎಣಿಸುವುದಿಲ್ಲ. ಬಾಯಿ ತೆರೆದು ಮಳೆಯಲ್ಲಿ ಬಿದ್ದಿದ್ದ ಸಿಲಿಂಡರಿನ ಬೋರ್ ನಿಮ್ಮದಕ್ಕಿಂತ ಕೆಟ್ಟಿರುವುದೇ ಹೆಚ್ಚು. ನಿಮ್ಮ ಸಿಲಿಂಡರಿನ ಹೊರಮೈ ಒಡೆದಿದ್ದರೆ, ಸ್ಲೀವ್ ಹಾಕಿಸಲು ಬೇಕಾದ ಮೈಯಾಗಿ ಮಾತ್ರ ಅದು ಉಪಯೋಗಕ್ಕೆ ಬಂದೀತು. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರಗಳು ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರುಗಳ ವಿಷಯವೂ ಚಿಕ್ಕದು: ಹಲವದರ ಪಿಸ್ಟನ್ನಿನೊಳಗೇ ವಾಲ್ವ್ ಇರುತ್ತದೆ, ಏರ್ ತೆಗೆಯಲು ಕೆಲವಕ್ಕೆ ಸ್ಕ್ಯಾನರ್ ಬೇಕು, ಆದ್ದರಿಂದ ಹೊಸದನ್ನು ತಿಳಿದವರ ಕೈಯಿಂದ ಹಾಕಿಸಿಕೊಳ್ಳಿ.

ಯಾವ ದಾರಿ ಹಿಡಿದರೂ ಹೊಸ ಆಯಿಲ್ ಬೇಕೇ ಬೇಕು. ನಾವು ಬ್ರೇಕ್ ಆಯಿಲ್ ಎನ್ನುತ್ತೇವೆ, ಆದರೆ ಅದು ಎಣ್ಣೆಯ ಜಾತಿಯದ್ದಲ್ಲ. ಗ್ಲೈಕಾಲ್ ಜಾತಿಯ ಆ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ, ಒಂದು ಬದಿಗೆ ಕಡಲಿರುವ ಈ ಜಿಲ್ಲೆಯಲ್ಲಿ ಬೋರುಗಳು ತುಕ್ಕು ಹಿಡಿಯುವುದರ ಮೂಲ ಅಲ್ಲಿದೆ. ಡಾಟ್ 3 ಎಂಬ ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ನವರೆಗೆ ಕುದಿಯಬಾರದು ಎಂಬುದು ಮಾನದಂಡ. ನೀರು ಸೇರಿದ ಮೇಲೆ ಆ ಮಿತಿ 140 ಡಿಗ್ರಿ. ಡಾಟ್ 4ರಲ್ಲಿ ಇವು 230 ಮತ್ತು 155. ಪಾಣತ್ತೂರಿನ ಇಲ್ಲವೇ ಬಂದಡ್ಕದ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುತ್ತಲೇ ಇಳಿಯುವ ಗಾಡಿಗೆ ಈ ವ್ಯತ್ಯಾಸ ಸಣ್ಣದಲ್ಲ, ಏಕೆಂದರೆ ಆಯಿಲ್ ಕುದಿದು ಹಬೆಯಾದರೆ ಹೊಸ ಸಿಲಿಂಡರಿದ್ದರೂ ಪೆಡಲ್ ತಳಕ್ಕೇ ಹೋಗುತ್ತದೆ. ಡಬ್ಬಿಯ ಮುಚ್ಚಳದಲ್ಲಿ ಬರೆದಿರುವ ದರ್ಜೆಯನ್ನೇ ಹಾಕಿ, ಮುಚ್ಚಳ ತೆರೆದು ತಿಂಗಳಾದ ಬಾಟಲಿಯದ್ದನ್ನು ಬಳಸಬೇಡಿ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಡಾಟ್ 5 ಎಂಬುದು ಸಿಲಿಕೋನ್ ಆಯಿಲ್. ಅದನ್ನು ಇವುಗಳೊಂದಿಗೆ ಬೆರೆಸಬಾರದು.

ಕೂರಿಸುವ ಮೊದಲು ಸಿಲಿಂಡರಿನ ಏರನ್ನು ವೈಸಿನಲ್ಲಿಯೇ ತೆಗೆದುಬಿಟ್ಟರೆ ಮುಂದಿನ ಅರ್ಧ ಶ್ರಮ ಉಳಿಯುತ್ತದೆ. ಸಿಲಿಂಡರನ್ನು ಅದರ ಚಾಚುಪಟ್ಟಿಯಲ್ಲಿ ಹಿಡಿದು, ಹೊರದಾರಿಗಳಿಂದ ಎರಡು ಸಣ್ಣ ಟ್ಯೂಬುಗಳನ್ನು ಡಬ್ಬಿಯೊಳಕ್ಕೇ ಮುಳುಗಿಸಿ, ಗುಳ್ಳೆಗಳು ನಿಲ್ಲುವವರೆಗೆ ಪಿಸ್ಟನ್ನನ್ನು ನಿಧಾನವಾಗಿ ತಳ್ಳಿ ಬಿಡಿ. ಆಮೇಲೆ ಗಾಡಿಯಲ್ಲಿ ಏರ್ ತೆಗೆಯುವಾಗ ಪೆಡಲಿನಡಿಗೆ ಒಂದು ಮರದ ತುಂಡನ್ನಿಡಿ. ಕಿಟ್ ಮಾತ್ರ ಹಾಕಿದ ಹಳೆಯ ಬೋರಿನಲ್ಲಿ ಇದು ಬಹಳ ಮುಖ್ಯ. ಪೆಡಲನ್ನು ತಳದವರೆಗೆ ತುಳಿದರೆ ಹೊಸ ಕಪ್ ಆ ಮಂಕಾದ ಪಟ್ಟಿಯ ಮೇಲೆ ಓಡಿ, ಮೊದಲ ದಿನವೇ ಸೀಳಿಕೊಳ್ಳಬಹುದು. ಬಣ್ಣದ ಮೇಲೆ ಚೆಲ್ಲಿದ ಆಯಿಲನ್ನು ಕೂಡಲೇ ನೀರಿನಿಂದ ತೊಳೆಯಿರಿ. ಎಲ್ಲ ಮುಗಿದ ಮೇಲೆ ಡಬ್ಬಿಯ ಮುಚ್ಚಳ ತೆರೆದಿಟ್ಟು ಒಬ್ಬರು ಪೆಡಲನ್ನು ಮೆಲ್ಲಗೆ ಒತ್ತಲಿ. ಒತ್ತುವ ಮೊದಲ ಕ್ಷಣದಲ್ಲಿ ಆಯಿಲಿನ ಮೇಲ್ಮೈಯಲ್ಲಿ ಸಣ್ಣ ಚಿಮ್ಮು ಕಂಡರೆ ರಂಧ್ರ ತೆರೆದಿದೆ, ರಾಡಿನ ಅಳತೆ ಸರಿಯಿದೆ. ಹೇರಿಲ್ಲದೆ, ಬಯಲಿನ ದಾರಿಯಲ್ಲಿ ನಾಲ್ಕು ಕಿಲೋಮೀಟರ್ ಓಡಿಸಿ, ಪ್ರತಿ ಚಕ್ರದ ಬಳಿ ಅಂಗೈಯೊಡ್ಡಿ ಯಾವುದಾದರೂ ಉಳಿದವಕ್ಕಿಂತ ಹೆಚ್ಚು ಕಾದಿದೆಯೇ ನೋಡಿ, ರಾತ್ರಿ ಸಿಲಿಂಡರಿನ ಹಿಂದಿನ ಮುಖದಡಿಗೆ ಒಂದು ಬಿಳಿ ಕಾಗದವನ್ನು ಸಿಕ್ಕಿಸಿಡಿ. ಬೆಳಗ್ಗೆ ಆ ಕಾಗದ ಒಣಗಿದ್ದರೆ, ಅರ್ಧ ನಿಮಿಷ ಹಗುರವಾಗಿ ಒತ್ತಿ ಹಿಡಿದ ಪೆಡಲ್ ನಿಂತಲ್ಲಿಯೇ ನಿಂತಿದ್ದರೆ, ಆಮೇಲೆ ಗುಡ್ಡದ ದಾರಿಗೆ ಇಳಿಸಬಹುದು.